ಒಂದು ವರ್ಷ ಕೇಳಬೇಡ

ಜುಲೈ ಮೊದಲ ವಾರದಿಂದ ಆ ಒಂದು ಸಾಲು ಬರುವುದು ನಿಂತುಹೋಗಿತ್ತು. ಬಾರದಿದ್ದರೆ ತನಗೇನೂ ಆಗಬೇಕಾದ್ದಿಲ್ಲ ಎಂದು ಇಂಗೆರ್ ದಿನಾ ಬೆಳಿಗ್ಗೆ ಕಾಫಿ ಆರಿ ತಣ್ಣಗಾಗುವವರೆಗೆ ಕಂಪ್ಯೂಟರಿನ ಮುಂದೆ ಕೂತು ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಇವತ್ತು ಶುಕ್ರವಾರ, ಅಕ್ಟೋಬರಿನ ಗಾಳಿ ಬಂದರಿನ ಕಡೆಯಿಂದ ಬೀಸಿ ಫೆರಿ ಕಚೇರಿಯ ಕಿಟಕಿಗಳನ್ನು ಅಲ್ಲಾಡಿಸುತ್ತಿತ್ತು, ಚಳಿಗಾಲದ ವೇಳಾಪಟ್ಟಿ ಇವತ್ತಿನಿಂದ ಶುರು, ಮಾಡುವುದಕ್ಕೆ ಬೇಕಾದಷ್ಟು ಕೆಲಸವಿತ್ತು, ಆದರೂ ಅವಳ ಕಣ್ಣು ಸರ್ವರಿನ ದಾಖಲೆಯನ್ನು ಮೇಲಿಂದ ಕೆಳಗೆ ಜಾಲಾಡುತ್ತಲೇ ಇತ್ತು. ಯಾರ ಫೋನಾದರೂ ಸರಿ, ವೇಳಾಪಟ್ಟಿ ಕೊಡು ಎಂದು ಸರ್ವರಿನ ಬಾಗಿಲು ತಟ್ಟುವಾಗ ಬರೀ ಅಷ್ಟನ್ನೇ ಕೇಳಿ ಸುಮ್ಮನಾಗುವುದಿಲ್ಲ. ಕೇಳಿಕೆಯ ನೆತ್ತಿಯ ಮೇಲೆ ಕೆಲವು ಸಾಲು ಹೊತ್ತು ತರುತ್ತದೆ: ನಾನು ಇಂಥ ಬ್ರೌಸರು, ಇಂಥ ಪುಟದಿಂದ ಬಂದೆ, ಇಂಥ ಭಾಷೆಯಾದರೆ ನನಗೆ ಆದೀತು, ನನ್ನ ಹತ್ತಿರ ಮೊನ್ನೆಯ ಪ್ರತಿ ಒಂದಿದೆ, ಹಳತಾಗಿದೆಯೋ ನೋಡಿ ಹೇಳು. ಸರ್ವರ್ ಕೂಡ ಉತ್ತರದ ನೆತ್ತಿಗೆ ತನ್ನ ಸಾಲುಗಳನ್ನು ಹೇರಿ ಕಳಿಸುತ್ತದೆ. ಕಸುಬಿನವರು ಇವಕ್ಕೆ ಹೆಡರ್ ಅನ್ನುತ್ತಾರೆ. ಫೋನು ಹಿಡಿದವರಿಗೆ ಇವು ಕಾಣುವುದಿಲ್ಲ, ಮದುವೆ ಮನೆಯ ಅಡುಗೆಕೋಣೆ ಬಾಗಿಲಲ್ಲಿ ಎರಡೂ ಕಡೆಯ ಹೆಂಗಸರು ಆಡಿಕೊಂಡದ್ದು ಪಂಕ್ತಿಯಲ್ಲಿ ಕೂತವರಿಗೆ ಕೇಳಿಸದ ಹಾಗೆ.

ಮೂರು ವರ್ಷದ ಹಿಂದೆ ಜರ್ಮನ್ ಪ್ರವಾಸಿಗರಿಗೆ ಬೇರೆ ಪುಟ ಬೇಕಾದೀತೇ ಎಂದು ಮ್ಯಾನೇಜರ್ ಪ್ರೆಬೆನ್ ಕೇಳಿದ್ದಕ್ಕೆ, ಭಾಷೆಯ ಸಾಲು ದಾಖಲೆಯಲ್ಲಿ ಉಳಿಯುವಂತೆ ಅವಳು ಮಾಡಿದ್ದಳು. ಒಂದು ತಿಂಗಳ ಮಟ್ಟಿಗೆ. ಆಮೇಲೆ ತೆಗೆದುಹಾಕಬೇಕಿತ್ತು, ನಿಯಮವೂ ಅದೇ, ತೆಗೆಯಲಿಲ್ಲ. ಏಕೆಂದರೆ ಡ್ಯಾನಿಶ್, ಡ್ಯಾನಿಶ್, ಜರ್ಮನ್, ಡ್ಯಾನಿಶ್ ಎಂದು ಹೋಗುವ ಮೆರವಣಿಗೆಯ ನಡುವೆ ದಿನಕ್ಕೊಮ್ಮೆ, ಬೆಳಿಗ್ಗೆ ಆರೂ ಮುಕ್ಕಾಲರ ಸುಮಾರಿಗೆ, ಒಂದು ಸಾಲು ಬರುತ್ತಿತ್ತು: ಮೊದಲು ಫೆರೋ ದ್ವೀಪದ ಭಾಷೆ, ಅದಿಲ್ಲದಿದ್ದರೆ ಡ್ಯಾನಿಶ್. ಆ ಭಾಷೆ ಕೇಳುವ ಫೋನು ಈ ದ್ವೀಪದಲ್ಲಿ ಒಂದೇ ಒಂದು, ಫೆರೋದಿಂದ ಬಂದು ಇಲ್ಲಿ ನೆಲೆಸಿದ ಮಾರ್ನಾಳದು. ಫೆರೋ ಭಾಷೆಯಲ್ಲಿ ಪುಟ ಕೊಡುವ ಸರ್ವರು ಈ ಕಡೆ ಎಲ್ಲೂ ಇಲ್ಲ, ಸುಮ್ಮನೆ ಯಾಕೆ ಕೇಳ್ತೀಯ ಎಂದು ಇಂಗೆರ್ ಒಮ್ಮೆ ನಕ್ಕಿದ್ದಳು. "ಕೊಡ್ಲಿ ಬಿಡ್ಲಿ, ಕೇಳೋದು ನನ್ನ ಹಕ್ಕು ಕಣೇ," ಎಂದಿದ್ದಳು ಮಾರ್ನಾ. ಉಣ್ಣೆಗೆ ಬಣ್ಣ ಹಾಕಿ ಮಾರುವವಳು, ವಾರಗಟ್ಟಲೆ ದ್ವೀಪ ಬಿಟ್ಟು ಕದಲದವಳು, ಆದರೂ ಎದ್ದ ಕೂಡಲೇ ಫೆರಿಯ ಹೊತ್ತು ನೋಡುವಳು. ಹೋಗದಿದ್ದರೂ ಹೋಗಬಹುದು ಅನ್ನೋದು ಗೊತ್ತಿದ್ದರೆ ನಿದ್ದೆ ಸರಿಯಾಗಿ ಬರುತ್ತದಂತೆ. ಎರಡು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಆದರೆ ಮಾರ್ನಾ ಎಷ್ಟು ಹೊತ್ತಿಗೆ ಎದ್ದಳು, ಯಾವ ದಿನ ತಡವಾಗಿ ಎದ್ದಳು, ಕ್ರಿಸ್‌ಮಸ್ಸಿನ ದಿನ ಎಷ್ಟು ಸಲ ವೇಳಾಪಟ್ಟಿ ತೆರೆದಳು, ಇವೆಲ್ಲ ಇಂಗೆರ್‌ಗೆ ಗೊತ್ತಿತ್ತು. ಬೇಲಿಯ ಸಂದಿಯಿಂದ ಪಕ್ಕದ ಮನೆಯ ಹೊಗೆ ನೋಡಿದ ಹಾಗೆ. ಕದ್ದು ನೋಡುವುದಲ್ಲ ಇದು, ನನ್ನ ಕೆಲಸವೇ ಇದು ಎಂದುಕೊಳ್ಳುವಳು, ಮತ್ತು ಹಾಗೆ ಅಂದುಕೊಳ್ಳುವಾಗಲೆಲ್ಲ ಬಾಗಿಲ ಕಡೆ ಒಮ್ಮೆ ನೋಡುವಳು.

ಜುಲೈನಲ್ಲಿ ಸಾಲು ನಿಂತಾಗ ಮೊದಲು ಹೊಸ ಫೋನಿರಬೇಕು ಅಂದುಕೊಂಡಳು. ಆಮೇಲೆ, ಆಚೆ ದಡದ ಅಕ್ಸೆಲ್ ಎಂಬ ವಿಧುರನ ಮನೆಗೆ ಹೋಗಿಬಿಟ್ಟಳೇನೋ ಎಂದು. ಆದರೆ ಅಂಗಡಿಯಲ್ಲಿ, ಚೀಸಿನ ಕಪಾಟಿನ ಆ ಬದಿಯಲ್ಲಿ, ಅವಳ ನೀಲಿ ಉಣ್ಣೆಟೋಪಿ ಕಂಡಿತು. ಹಾಗಾದರೆ ಉಳಿದದ್ದು ಒಂದೇ: ಫೋನನ್ನು ಡ್ಯಾನಿಶ್‌ಗೆ ಬದಲಾಯಿಸಿಕೊಂಡಿದ್ದಾಳೆ, ಕೇಳುವುದನ್ನು ಬಿಟ್ಟಿದ್ದಾಳೆ, ನೂರಾರು ಡ್ಯಾನಿಶ್ ಸಾಲುಗಳಲ್ಲಿ ಒಂದಾಗಿ ಮುಖ ಮುಚ್ಚಿಕೊಂಡು ದಿನಾ ಎದುರಿಗೇ ಹಾದುಹೋಗುತ್ತಿದ್ದಾಳೆ. ಇದು ಇಂಗೆರ್‌ಗೆ ಯಾಕಷ್ಟು ನೋಯಬೇಕು ಎಂಬುದು ಅವಳಿಗೇ ತಿಳಿಯಲಿಲ್ಲ. ಐವತ್ತೆರಡು ವರ್ಷದ ಹೆಂಗಸು ಯಾರದೋ ಫೋನಿನ ಭಾಷೆಗೆ ಮುನಿಸಿಕೊಂಡು ಇಡೀ ಬೇಸಿಗೆ ಕಳೆದಳು ಎಂದು ಯಾರಿಗಾದರೂ ಹೇಳಲಾದೀತೇ.

ಎರಡು ವರ್ಷದ ಹಿಂದೆ, ಇಂಗೆರಳ ಐವತ್ತನೆಯ ಹುಟ್ಟುಹಬ್ಬಕ್ಕೆ ಊರ ಸಭಾಂಗಣದಲ್ಲಿ ನಲವತ್ತು ಜನಕ್ಕೆ ಊಟ. ಊಟದ ನಡುವೆ ಹಾಡಿನ ಹಾಳೆ ಹಂಚುವುದು, ಎಲ್ಲರಿಗೂ ಬರುವ ಒಂದು ಧಾಟಿಗೆ ಹುಟ್ಟುಹಬ್ಬದವರ ಮಾನ ಕಳೆಯುವ ಹತ್ತು ಹನ್ನೆರಡು ಚರಣ ಹೊಸೆದು ಎಲ್ಲರೂ ಸೇರಿ ಹಾಡುವುದು, ಹಾಡಿಸಿಕೊಂಡವರು ನಗುತ್ತ ಕೂರುವುದು. ಅದಿಲ್ಲದೆ ಹಬ್ಬವಿಲ್ಲ. ಆ ಸಲದ ಹಾಡು ಮಾರ್ನಾಳದು. ಟಿಕೆಟ್ ಕಿಟಕಿಯ ಉಲ್ಲಾ ನಲವತ್ತು ಪ್ರತಿ ತೆಗೆದುಕೊಡಲಿ ಎಂದು ಕಚೇರಿಗೆ ಕಳಿಸಿದ್ದಳು, ಪ್ರಿಂಟರ್ ನೋಡಿಕೊಳ್ಳುವವಳು ಇಂಗೆರ್ ಎಂಬುದನ್ನು ಮರೆತು. ಏಳನೆಯ ಚರಣ ಬಟ್ಟಲಿನದು. ಗಂಡ ಬಿಟ್ಟುಹೋದ ವರ್ಷ ಇಂಗೆರ್ ಮೂರು ತಿಂಗಳು ದಿನಾ ಸಂಜೆ ಒಂದು ಬಟ್ಟಲು ವಾಪಸು ಕೊಡುವ ನೆಪದಲ್ಲಿ ಮಾರ್ನಾಳ ಮನೆಗೆ ಹೋಗಿ, ಊಟ ಮಾಡಿ, ಅದೇ ಬಟ್ಟಲು ತೆಗೆದುಕೊಂಡು ಮನೆಗೆ ಬರುತ್ತಿದ್ದದ್ದು. ಕುಹಕವಿರಲಿಲ್ಲ, ಬೇಕಿದ್ದರೆ ಪ್ರೀತಿಯೇ ಇತ್ತು ಅದರಲ್ಲಿ. ಇಂಗೆರ್ ಅದನ್ನು ಅಳಿಸಿ, ಕಂಪ್ಯೂಟರನ್ನು ಪಳಗಿಸಿದ ಚತುರೆ ಎಂದು ತನ್ನ ಮೇಲೆ ತಾನೇ ಒಂದು ಚರಣ ಬರೆದು ಸೇರಿಸಿದಳು. ಮೂವತ್ತೊಂಬತ್ತು ಬಾಯಿ ಅದನ್ನು ಹಾಡಿದವು. ನಲವತ್ತನೆಯದು, ಮಾರ್ನಾಳದು, ಹಾಳೆ ಹಿಡಿದು ಮುಚ್ಚಿಕೊಂಡಿತ್ತು. ಆಮೇಲೆ ಗ್ಲಾಸು ತೊಳೆಯುವಾಗ ಮಾರ್ನಾ, ಬಟ್ಟಲು ಎಲ್ಲಿ ಹೋಯ್ತೇ, ಎಂದು ಮೆಲ್ಲಗೆ ಕೇಳಿದಳು. "ಆ ವಿಷಯ ಇನ್ನು ಎತ್ತಬೇಡ," ಎಂದಳು ಇಂಗೆರ್. "ಸರಿ," ಎಂದಳು ಮಾರ್ನಾ. ಎತ್ತಲಿಲ್ಲ. ಬೇರೆ ಯಾವುದನ್ನೂ ಎತ್ತಲಿಲ್ಲ.

ಹನ್ನೆರಡಕ್ಕೆ ಮೂವರೂ ಡಬ್ಬಿ ಬಿಚ್ಚಿದರು. ಉಲ್ಲಾ ಕಪ್ಪು ರೈ ಬ್ರೆಡ್ಡಿನ ಮೇಲೆ ಲಿವರ್ ಪೇಸ್ಟನ್ನು ಗೋಡೆಗೆ ಗಾರೆ ಬಳಿದ ಹಾಗೆ ಬಳಿಯುತ್ತ, "ಇವತ್ತು ಅಕ್ಸೆಲ್ ಜೊತೆ ಮಾರ್ನಾ ಮದುವೆ, ಗೊತ್ತಲ್ಲ," ಎಂದಳು.

"ಗೊತ್ತು," ಎಂದಳು ಇಂಗೆರ್. ಗೊತ್ತಿರಲಿಲ್ಲ.

"ಮೂರು ಗಂಟೆಗೆ, ಆಚೆ ಟೌನ್ ಹಾಲಲ್ಲಿ. ಅರುವತ್ತನೇ ವಯಸ್ಸಿಗೆ ಹುಡುಗಿ ಹಾಗೆ ನಾಚ್ಕೊಂಡು ಹೇಳಿದ್ಳು ಮಾರಾಯ್ತಿ, ಮೊನ್ನೆ ಅಂಗಡೀಲಿ ಸಿಕ್ಕಾಗ. ಯಾರನ್ನೂ ಕರೆದಿಲ್ಲ ಅಂತೆ."

"ಯಾರನ್ನೂ?"

"ಯಾರನ್ನೂ ಅಂದ್ರೆ ಯಾರನ್ನೂ. ಮುಖ ಯಾಕೆ ಹಾಗೆ ಮಾಡ್ತೀಯ? ನನ್ನೂ ಕರೆದಿಲ್ಲ." ಉಲ್ಲಾ ಬೀಟ್‌ರೂಟಿನ ಒಂದು ಬಿಲ್ಲೆಯನ್ನು ಮೇಲಿಟ್ಟು ಒತ್ತಿದಳು. "ಇವತ್ತು ಬೆಳಿಗ್ಗೆಯಿಂದ ಎಂಥ ತಲೆಕೆಟ್ಟವರು ಗೊತ್ತಾ ಫೋನಿಗೆ. ಒಂದೂ ಹತ್ತಕ್ಕೆ ಹಡಗು ಅಂದ್ರೆ, ಇಲ್ಲ, ಒಂದೂ ನಲವತ್ತಕ್ಕೆ, ನಿಮ್ಮ ಪುಟದಲ್ಲೇ ಇದೆ ಅಂತ ನನಗೇ ಜಗಳ. ನಾಲ್ಕು ಜನ! ಕಣ್ಣು ಪರೀಕ್ಷೆ ಮಾಡಿಸ್ಕೊಳ್ಳಿ ಅಂದೆ."

"ಬೇಸಿಗೆ ಪಟ್ಟಿಲಿ ಒಂದೂ ನಲವತ್ತಿತ್ತು," ಎಂದ ಪ್ರೆಬೆನ್. "ಇವತ್ತಿಂದ ಅದೊಂದೇ ಬದಲಾಗಿರೋದು. ಪುಟದ ನೆತ್ತಿ ಮೇಲೇ ಕೆಂಪು ಅಕ್ಷರದಲ್ಲಿ ಹಾಕಿದೀವಲ್ಲ."

ಇಂಗೆರಳ ಬಾಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು. ಜುಲೈ ಮೊದಲ ಶನಿವಾರ. ಕಚೇರಿಯೊಳಗೆ ಮೂವತ್ತು ಡಿಗ್ರಿ, ಗುಡಾರ ಹಾಕಿದ ಪ್ರವಾಸಿಗರೆಲ್ಲ ಒಟ್ಟಿಗೆ ವೇಳಾಪಟ್ಟಿ ತೆರೆದು ಸರ್ವರು ಏದುಸಿರು ಬಿಡುತ್ತಿತ್ತು. ಆಗ ಅವಳು ಉತ್ತರದ ನೆತ್ತಿಗೆ ಒಂದು ಸಾಲು ಸೇರಿಸಿದಳು: ಇದನ್ನು ಇಟ್ಟುಕೋ, ಇಷ್ಟು ಸೆಕೆಂಡು ನನ್ನನ್ನು ಮತ್ತೆ ಕೇಳಬೇಡ. ಲಾಂಛನ, ಹಡಗಿನ ಚಿತ್ರ, ಅಕ್ಷರದ ಅಚ್ಚು, ಬದಲಾಗದ ಇಂಥವಕ್ಕೆ ಒಂದು ವರ್ಷ. ವೇಳಾಪಟ್ಟಿಗೆ ಒಂದು ಗಂಟೆ. ಗಂಟೆಗೆ ಮೂರು ಸಾವಿರದ ಆರುನೂರು, ವರ್ಷಕ್ಕೆ ಮೂರು ಕೋಟಿ ಹದಿನೈದು ಲಕ್ಷ ಮೂವತ್ತಾರು ಸಾವಿರ ಸೆಕೆಂಡು, ಈ ಕಸುಬಿನವರಿಗೆ ಮಗ್ಗಿಯ ಹಾಗೆ ಬಾಯಿಗೆ ಬರುವ ಲೆಕ್ಕ. ಡಬ್ಬಿ ಅಲ್ಲೇ ಬಿಟ್ಟು ಎದ್ದು ಹೋಗಿ ನೋಡಿದಳು. ಚಿತ್ರಗಳಿಗೆಂದು ಬರೆದ ಸಾಲು ಅವುಗಳ ಆವರಣದಿಂದ ಹೊರಗೆ ಬಿದ್ದು ಇಡೀ ತಾಣಕ್ಕೆ ಹಬ್ಬಿತ್ತು. ವೇಳಾಪಟ್ಟಿಗೂ ಒಂದು ವರ್ಷ. ಈ ಬೇಸಿಗೆ ಸರ್ವರು ಒಂದು ಸಲವೂ ಬೀಳಲಿಲ್ಲ ಎಂದು ಪ್ರೆಬೆನ್ ಕೇಕು ತರಿಸಿ ಎಲ್ಲರ ಮುಂದೆ ಅವಳ ಬೆನ್ನು ತಟ್ಟಿದ್ದ. ಬೀಳುವುದೆಲ್ಲಿಂದ. ಒಮ್ಮೆ ಬಂದವರು ಮತ್ತೆ ಬರಬಾರದೆಂದು ಬಾಗಿಲಲ್ಲೇ ಹೇಳಿ ಕಳಿಸಿದ್ದಳಲ್ಲ. ಹೊಸಬರಿಗೆಲ್ಲ ಹೊಸ ಪಟ್ಟಿ ಸಿಗುತ್ತದೆ. ನಂಬಿ ದಿನಾ ನೋಡುವವರಿಗೇ ಹಳೆಯದು. ಬದಲಾವಣೆಯ ಸುದ್ದಿಯನ್ನು ಹಾಕಿದ್ದೂ ಅದೇ ಪುಟದಲ್ಲಿ. ಹಡಗಿನೊಳಗೆ ಒಂದು ಚೀಟಿ ಅಂಟಿಸಿದ್ದರು, ಅದು ಹತ್ತಿದವರಿಗೆ ಮಾತ್ರ.

ಆಗ ಇನ್ನೊಂದು ಹೊಳೆಯಿತು, ಮತ್ತು ಹೊಳೆದ ಕೂಡಲೇ ಅವಳಿಗೆ ನಗುವೋ ಅಳುವೋ ತಿಳಿಯದ ಒಂದು ಸದ್ದು ಗಂಟಲಿನಿಂದ ಹೊರಟಿತು. ಮಾರ್ನಾ ಎಲ್ಲಿಗೂ ಹೋಗಿರಲಿಲ್ಲ. ಭಾಷೆ ಬದಲಾಯಿಸಿರಲಿಲ್ಲ. ದಿನಾ ಆರೂ ಮುಕ್ಕಾಲಿಗೆ ವೇಳಾಪಟ್ಟಿ ತೆರೆಯುತ್ತಲೇ ಇದ್ದಾಳೆ, ಮೊದಲು ಫೆರೋ ಭಾಷೆಯಲ್ಲೇ ಕೇಳಬೇಕೆಂದಿದ್ದಾಳೆ. ಅವಳ ಫೋನು ಮಾತ್ರ, ಕೇಳಬೇಡ ಅಂದಿದ್ದಾರೆ, ಎಂದು ತನ್ನಲ್ಲಿದ್ದ ಪ್ರತಿಯನ್ನೇ ವಿಧೇಯವಾಗಿ ಎತ್ತಿ ತೋರಿಸುತ್ತಿದೆ. ಮೂರೂವರೆ ತಿಂಗಳಿಂದ ತಾನು ಮುನಿಸಿಕೊಂಡದ್ದು ತಾನೇ ಕೊಟ್ಟ ಅಪ್ಪಣೆಗೆ. ಮತ್ತು ಇವತ್ತು ಮದುವೆಗೆ ಹೊರಟವಳ ಫೋನಿನಲ್ಲಿ ಹಡಗು ಒಂದೂ ನಲವತ್ತಕ್ಕೆ.

ಸಾಲನ್ನು ಸರಿಮಾಡಲು ಅರ್ಧ ನಿಮಿಷ ಸಾಕಾಯಿತು. ಅದರಿಂದ ಏನೂ ಆಗುವಂತಿರಲಿಲ್ಲ. ಹೋಗಿ ಹೇಳಿದಳು.

"ಎಷ್ಟು ಜನರ ಹತ್ರ ಹಳೇದಿದೆ?" ಎಂದ ಪ್ರೆಬೆನ್.

"ಗೊತ್ತಾಗಲ್ಲ. ಅವರು ಕೇಳಿದ್ರೆ ತಾನೇ ನಮಗೆ ಗೊತ್ತಾಗೋದು. ಕೇಳಬೇಡಿ ಅಂದಿದೀನಿ."

"ಹಾಗಾದ್ರೆ ಸರ್ವರಿಂದ ಹೇಳಿಸು."

"ಸರ್ವರು ತಾನಾಗಿ ಬಾಯಿ ಬಿಡಲ್ಲ ಪ್ರೆಬೆನ್. ಕೇಳಿದ್ರೆ ಮಾತ್ರ ಹೇಳತ್ತೆ."

"ನಮ್ಮನೆಯವನ ಹಾಗೆ," ಎಂದಳು ಉಲ್ಲಾ. "ಅಯ್ಯೋ, ಆ ನಾಲ್ಕು ಜನರಿಗೆ ಕಣ್ಣು ತೋರಿಸ್ಕೊಳ್ಳಿ ಅಂದ್ನಲ್ಲೇ!"

ಹಡಗನ್ನು ನಿಲ್ಲಿಸುವಂತಿಲ್ಲ, ಸಿಬ್ಬಂದಿಯ ವಿರಾಮಕ್ಕೆಂದೇ ಹೊತ್ತು ಬದಲಾದದ್ದು. ಮುಂದಿನದು ಸಂಜೆ ಐದಕ್ಕೆ. ಪ್ರೆಬೆನ್ ಒಂದು ಕ್ಷಣ ಛಾವಣಿ ನೋಡಿದ. ಎಡವಟ್ಟು ಮಾಡಿದವರು ಎಲ್ಲರಿಗೂ ಕೇಕು ತರಬೇಕು, ಈ ಕಚೇರಿಯ ಕಾನೂನು ಅದು. ಇಡೀ ದ್ವೀಪಕ್ಕೆ ಎಷ್ಟು ಕೇಕು ಬೇಕಾದೀತು ಎಂದು ಅವನು ಲೆಕ್ಕ ಹಾಕುತ್ತಿದ್ದಂತಿತ್ತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಉಲ್ಲಾ, ಗೊತ್ತಿದ್ದವರಿಗೆಲ್ಲ ಫೋನ್ ಹಚ್ಚು. ನಾನು ಅಂಗಡಿಗೆ ಹೋಗಿ ಹೇಳ್ತೀನಿ. ನೀನು..." ಎನ್ನುವಷ್ಟರಲ್ಲಿ ಇಂಗೆರ್ ಕೋಟು ಹಾಕಿಕೊಂಡಾಗಿತ್ತು. ಮಾರ್ನಾಗೆ ಆಗಲೇ ಎರಡು ಸಲ ಫೋನ್ ಮಾಡಿದ್ದಳು. ಎತ್ತುವುದಿಲ್ಲ ಎಂದು ಮೊದಲೇ ಗೊತ್ತಿತ್ತು, ಮಾರ್ನಾಳ ಫೋನಿಗೆ ದನಿಯೇ ಇರುವುದಿಲ್ಲ. ಲೋಕವನ್ನು ತಾನು ಕೇಳಬೇಕೇ ಹೊರತು ಲೋಕ ತನ್ನನ್ನು ಕೂಗಬಾರದು ಅವಳಿಗೆ.

ಮೂರು ಕಿಲೋಮೀಟರು, ಎದುರುಗಾಳಿ. ಸೈಕಲ್ಲಿನ ಮೇಲೆ ತಲೆ ತಗ್ಗಿಸಿ ತುಳಿಯುತ್ತ ಇಂಗೆರ್ ಮಾತು ಜೋಡಿಸಿಕೊಂಡಳು. ಫೆರಿ ಕಚೇರಿಯ ಪರವಾಗಿ ಬಂದಿದ್ದೇನೆ. ಛೀ, ನೀರಿನ ತೆರಿಗೆಯವರ ಹಾಗೆ. ಹಾದುಹೋಗುತ್ತಿದ್ದೆ. ಈ ರಸ್ತೆಯ ತುದಿಯಲ್ಲಿ ಮಾರ್ನಾಳ ಮನೆ, ಅದರಾಚೆ ಸಮುದ್ರ, ಹಾದುಹೋಗುವುದೆಲ್ಲಿಗೆ. ಕೈಯಲ್ಲಿ ಏನಾದರೂ ಇದ್ದಿದ್ದರೆ ಆಗುತ್ತಿತ್ತು ಅನ್ನಿಸಿತು, ತನಗೆ ಯಾವಾಗಲೂ ಕೈಯಲ್ಲಿ ಏನಾದರೂ ಬೇಕು, ಖಾಲಿ ಕೈಯಲ್ಲಿ ಒಬ್ಬರ ಬಾಗಿಲು ತಟ್ಟಿ ನೀನು ಬೇಕು ಅನ್ನುವುದನ್ನು ತಾಯಿ ಕಲಿಸಲಿಲ್ಲ, ತಾಯಿಗೂ ಬರುತ್ತಿರಲಿಲ್ಲ. ಗೋಧಿ ಕೊಯ್ದ ಹೊಲದಲ್ಲಿ ಕಡಲಹಕ್ಕಿಗಳು ಗಾಳಿಗೆ ಮುಖಮಾಡಿ ಸಾಲಾಗಿ ನಿಂತಿದ್ದವು, ಟಿಕೆಟಿಗೆ ನಿಂತವರ ಹಾಗೆ. ಇದನ್ನೆಲ್ಲ ನೋಡಿ ಅವಳಿಗೆ ಕಾರಣವಿಲ್ಲದೆ ಸ್ವಲ್ಪ ಹಗುರೆನಿಸಿತು, ಮತ್ತು ಹಾಗೆನಿಸಿದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು. ಹನ್ನೆರಡೂ ಮುಕ್ಕಾಲಿಗೆ ಎರಡು ನಿಮಿಷವಿತ್ತು.

ಬಾಗಿಲು ತೆರೆದ ಮಾರ್ನಾ ತನ್ನ ಊರಿನ ಉಡುಗೆಯಲ್ಲಿದ್ದಳು: ಕಪ್ಪು ಕೆಂಪು ಗೆರೆಯ ಲಂಗ, ಹೂ ಹೆಣೆದ ಶಾಲು, ಎದೆಯ ಮೇಲೆ ಬಿಗಿಯಬೇಕಾದ ಬೆಳ್ಳಿ ಸರಪಳಿ ಅರ್ಧ ಕೊಂಡಿಗಳಿಂದ ಕಳಚಿ ಜೋತಾಡುತ್ತಿತ್ತು. ಕಾಲಲ್ಲಿ ಉಣ್ಣೆಯ ಕಾಲುಚೀಲ. ಅವಳು ಇಂಗೆರಳನ್ನು ನೋಡಿದಳು, ಸೈಕಲ್ಲನ್ನು ನೋಡಿದಳು, ಮತ್ತೆ ಇಂಗೆರಳನ್ನು ನೋಡಿದಳು.

"ಹಡಗು ಒಂದೂ ಹತ್ತಕ್ಕೆ," ಎಂದಳು ಇಂಗೆರ್. ಜೋಡಿಸಿದ ಮಾತು ಯಾವುದೂ ಬರಲಿಲ್ಲ.

"ಒಂದೂ ನಲವತ್ತಕ್ಕೆ. ಬೆಳಿಗ್ಗೆ ತಾನೇ ನೋಡಿದೀನಿ."

"ನೋಡಿದ್ದು ಹಳೇದು."

"ನಿನ್ನದೇ ಪುಟ ಕಣೇ."

"ನನ್ನದೇ ಪುಟ. ನನ್ನದೇ ತಪ್ಪು. ಫೋನು ಕೊಡು. ಅಲ್ಲ, ನೀನೇ ಹಿಡ್ಕೋ. ಪಟ್ಟಿ ತೆಗಿ. ಬೆರಳಿಟ್ಟು ಕೆಳಕ್ಕೆ ಎಳಿ, ಬಾವಿ ಹಗ್ಗ ಎಳೆದ ಹಾಗೆ. ಬಿಡು ಈಗ."

ಮಾರ್ನಾ ಎಳೆದು ಬಿಟ್ಟಳು. ಪುಟ ಒಮ್ಮೆ ಬೆಳ್ಳಗಾಗಿ, ಕೆಂಪು ಅಕ್ಷರ ಹೊತ್ತು ಮರಳಿ ಬಂತು. ಒಂದೂ ಹತ್ತು. ಮೂರು ಕಿಲೋಮೀಟರ್ ಆಚೆ ಕಚೇರಿಯಲ್ಲಿ, ಡ್ಯಾನಿಶ್ ಸಾಲುಗಳ ನಡುವೆ, ಈಗ ತಾನೇ ಒಂದು ಸಾಲು ಬಂದು ಕೂತಿರುತ್ತದೆ. ಇಂಗೆರ್‌ಗೆ ಅದನ್ನು ನೋಡಬೇಕೆನಿಸಲಿಲ್ಲ. ಸಾಲಿನ ಹೆಂಗಸು ಎದುರಿಗಿದ್ದಳು, ಗಾಬರಿಯಾಗಿ, ಮೂಗಿನ ತುದಿ ಕೆಂಪಾಗಿ.

"ಟ್ಯಾಕ್ಸಿ ಒಂದೂ ಇಪ್ಪತ್ತಕ್ಕೆ ಬರಕ್ಕೆ ಹೇಳಿದೀನಲ್ಲೇ! ಈ ಸರಪಳಿ ಬೇರೆ. ಅಮ್ಮ ಇರ್ತಿದ್ಳು ಕಟ್ಟಕ್ಕೆ. ಒಬ್ಬರೇ ಕಟ್ಕೊಳ್ಳೋ ಹಾಗೆ ಮಾಡೇ ಇಲ್ಲ ಇದನ್ನ, ಅರ್ಧ ಗಂಟೆಯಿಂದ ಒದ್ದಾಡ್ತಿದೀನಿ."

"ನಿಂತ್ಕೋ ಸುಮ್ನೆ."

ಇಂಗೆರ್ ಒಳಗೆ ಬಂದು ಕೈಯ ಚಳಿಯನ್ನು ಕೋಟಿಗೆ ಒರೆಸಿ ಸರಪಳಿಯನ್ನು ಕೊಂಡಿಯಿಂದ ಕೊಂಡಿಗೆ ಏರಿಸತೊಡಗಿದಳು. ಆರು ಜೊತೆ ಕೊಂಡಿ. ಮಾರ್ನಾಳ ಉಸಿರು ಅವಳ ಹಣೆಗೆ ತಾಗುತ್ತಿತ್ತು. ಒಲೆಯ ಮೇಲೆ ಯಾವುದೋ ಬೇರಿನ ಬಣ್ಣ ಆರುತ್ತಿತ್ತು, ಕುರಿಯ ಮತ್ತು ಮಣ್ಣಿನ ಆ ಹಳೆಯ ವಾಸನೆ. ಎರಡನೆಯ ಜೊತೆಗೆ ಬಂದಾಗ ಇಂಗೆರ್ ತಲೆ ಎತ್ತದೆ ಹೇಳಿದಳು, "ಆ ಚರಣ ತೆಗೆದದ್ದು ನಾನು."

"ಗೊತ್ತು. ಇನ್ಯಾರು, ಪ್ರಿಂಟರ್ರಾ?"

"ನಾಚಿಕೆ ಆಗಿತ್ತು."

"ಬಟ್ಟಲಿಗಾ?"

"ಹಸಿವಿಗೆ." ಮೂರನೆಯ ಕೊಂಡಿ ಜಾರಿತು, ಮತ್ತೆ ಹಿಡಿದಳು. "ಊಟದ ಹಸಿವಲ್ಲ."

ಮಾರ್ನಾ ಭುಜ ಹಿಂದಕ್ಕೆ ಮಾಡಿ ನೆಟ್ಟಗೆ ನಿಂತಳು. "ಬಿಗಿಯಾಗಿ ಎಳಿ," ಎಂದಳು ಆಮೇಲೆ. "ಸಡಿಲ ಬಿಟ್ರೆ ಪ್ರತಿಜ್ಞೆ ಮಾಡೋವಾಗ ಬಿಚ್ಕೊಳ್ಳತ್ತೆ." ಇನ್ನೊಂದು ಕೊಂಡಿಯಾದ ಮೇಲೆ, "ಆ ಚರಣಕ್ಕೆ ನಾನು ನಾಲ್ಕು ರಾತ್ರಿ ಕೂತಿದ್ದೆ. ಬಾಕಿ ಎಲ್ಲ ಒಂದೇ ರಾತ್ರೀಲಿ ಆಗಿತ್ತು."

"ಕೇಳ್ಬೇಕಿತ್ತು ನೀನು. ಬೈಬೇಕಿತ್ತು."

"ಎತ್ತಬೇಡ ಅಂದ್ಯಲ್ಲ. ನಾನು ಮಾತಿಗೆ ತಪ್ಪೋಳಲ್ಲ." ಅವಳ ಹೊಟ್ಟೆ ಸರಪಳಿಯ ಕೆಳಗೆ ಕುಲುಕಿತು, ನಗುತ್ತಿದ್ದಳೋ ಏನೋ, ಇಂಗೆರ್ ಮೇಲೆ ನೋಡಲಿಲ್ಲ, ಆರನೆಯ ಜೊತೆ ಬಾಕಿಯಿತ್ತು.

ಉಣ್ಣೆ ಸಾಗಿಸುವ ಹಳೆಯ ವ್ಯಾನನ್ನು ಇಂಗೆರ್ ಓಡಿಸಿದಳು. ಮಾರ್ನಾ ಪಕ್ಕದಲ್ಲಿ ಬೆಳ್ಳಿ ಬಕಲಿನ ಬೂಟು ಹಾಕಿಕೊಳ್ಳುತ್ತ, "ಬ್ರೇಕು ಎರಡು ಸಲ ಒತ್ಬೇಕು, ಎರಡು ಸಲ!" ಎಂದು ಪ್ರತಿ ತಿರುವಿಗೂ ಕೂಗಿದಳು. ಒಂದೂ ಎಂಟಕ್ಕೆ ಬಂದರು. ಹಡಗು ಹತ್ತುವ ಹಲಗೆ ಇನ್ನೂ ಕೆಳಗಿತ್ತು, ಹಗ್ಗ ಹಿಡಿದವನು ಗಡಿಯಾರ ನೋಡುತ್ತಿದ್ದ. ಮಾರ್ನಾ ಲಂಗ ಎತ್ತಿ ಹಿಡಿದು ನಾಲ್ಕು ಹೆಜ್ಜೆ ಓಡಿ, ನಿಂತು, ತಿರುಗಿದಳು.

"ಬರ್ತೀಯಾ?"

ಗಾಳಿಗೆ ಅವಳ ಶಾಲಿನ ಅಂಚು ಹಾರಿ ಮುಖದ ಅರ್ಧ ಮುಚ್ಚಿತು. ಇಂಗೆರಳ ಕಾಲು ಆಗಲೇ ಒಂದು ಹೆಜ್ಜೆ ಇಟ್ಟಿತ್ತು. ಅದನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು, ಎರಡು ವರ್ಷದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ.

"ಆಗಲ್ಲ. ಒಂದೂ ನಲವತ್ತಕ್ಕೆ ಅಂತ ಇನ್ನೂ ಜನ ಬರ್ತಾರೆ. ಯಾರಾದ್ರೂ ಇರ್ಬೇಕು ಇಲ್ಲಿ."

"ನೀನೇ ಆಗ್ಬೇಕಾ?"

"ನಾನೇ ಆಗ್ಬೇಕು."

ಮಾರ್ನಾ ತಲೆಯಾಡಿಸಿದಳು, ಸಿಟ್ಟಿಲ್ಲದೆ. "ಹಾಗಾದ್ರೆ ಭಾನುವಾರ ಊಟಕ್ಕೆ ಬಾ. ಅಕ್ಸೆಲ್‌ನ ನೋಡಿದ ಹಾಗಾಗತ್ತೆ. ಏನೂ ತರಬೇಡ!" ಎಂದು ಕೂಗಿ ಒಳಗೆ ಹೋದಳು. ಹಲಗೆ ಎದ್ದಿತು. ನೀರು ಅಗಲವಾಯಿತು.

ಒಂದೂ ಇಪ್ಪತ್ತೈದಕ್ಕೆ ಮೊದಲ ಕಾರು ಬಂತು. ಮುಂದೆ ಒಬ್ಬ ಮುದುಕ, ಪಕ್ಕದಲ್ಲಿ ಅವನ ಹೆಂಡತಿ, ಅವಳ ತೊಡೆಯ ಮೇಲೆ ಬುಟ್ಟಿಯೊಳಗೆ ಒಂದು ಬೆಕ್ಕು. ಅವರು ಖಾಲಿ ಕಟ್ಟೆಯನ್ನು ನೋಡಿ, ಗಾಳಿಯಲ್ಲಿ ಒಬ್ಬಳೇ ನಿಂತ ಹೆಂಗಸನ್ನು ನೋಡಿ, ಮೆಲ್ಲಗೆ ಗಾಜು ಇಳಿಸಿದರು.

"ಹಡಗೆಲ್ಲಮ್ಮ?"

"ಹೊರಟುಹೋಯ್ತು. ಇವತ್ತಿಂದ ಒಂದೂ ಹತ್ತಕ್ಕೆ. ನಿಮ್ಮ ಫೋನಲ್ಲಿ ಹಳೇ ಪಟ್ಟಿನೇ ಉಳಿಯೋ ಹಾಗೆ ಮಾಡಿಬಿಟ್ಟಿದ್ದೆ, ನಾನು. ತಪ್ಪು ನಂದು. ಇನ್ನು ಐದು ಗಂಟೆಗೇ."

ಮುದುಕ ಎಂಜಿನ್ ಆರಿಸಿದ. ಅವನ ಹೆಂಡತಿ ಬುಟ್ಟಿಯನ್ನು ಎದೆಗೆ ಒತ್ತಿಕೊಂಡು, "ಬೆಕ್ಕಿನ ಡಾಕ್ಟರು ಮೂರಕ್ಕೆ ತರಕ್ಕೆ ಹೇಳಿದ್ರು ಇವಳನ್ನ," ಎಂದಳು. "ಮೊದಲೇ ಹೇಳೋಕಾಗ್ತಿರ್ಲಿಲ್ವಾ?"

"ಆಗ್ತಿತ್ತು," ಎಂದಳು ಇಂಗೆರ್. ಕೆನ್ನೆ ಕಾದುಬಂತು, ಕಾದದ್ದು ಗಾಳಿಗೆ ಹಾಯೆನಿಸಿತು. "ಡಾಕ್ಟರ ನಂಬರ್ ಕೊಡಿ, ನಾನೇ ಮಾತಾಡ್ತೀನಿ. ಅಲ್ಲಿ ಕಚೇರೀಲಿ ಕಾಫಿ ಇದೆ, ಬೆಕ್ಕನ್ನೂ ಒಳಗೆ ತನ್ನಿ."

ಇಳಿಜಾರಿನ ತಿರುವಿನಲ್ಲಿ ಇನ್ನೊಂದು ಕಾರು ಕಾಣಿಸಿತು, ಅದರ ಹಿಂದೆ ಸೂಟ್‌ಕೇಸು ಕಟ್ಟಿದ ಎರಡು ಸೈಕಲ್ಲು. ಕಾರು ಬಂದು ಗೆರೆಯ ಮೇಲೆ ಅಚ್ಚುಕಟ್ಟಾಗಿ ನಿಂತಿತು, ಓಡಿಸುತ್ತಿದ್ದವನು ನಿಶ್ಚಿಂತೆಯಿಂದ ಸೀಟು ಹಿಂದಕ್ಕೆ ಒರಗಿಸಿ ಪತ್ರಿಕೆ ಬಿಚ್ಚಿದ. ಇಂಗೆರ್ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಅದರ ಕಡೆ ನಡೆದಳು, ಮತ್ತು ಅವನು ತಲೆ ಎತ್ತುವವರೆಗೆ ಕಾಯದೆ ತಾನೇ ಗಾಜು ತಟ್ಟಿದಳು.